ಸ್ಯಾಫ್ ಬಾಲಕಿಯರ ಫುಟ್‌ಬಾಲ್ ಚಾಂಪಿಯನ್‌ಷಿಪ್

ದಕ್ಷಿಣ ಏಷ್ಯಾದ ದೇಶಗಳ ಕಿರಿಯ ಬಾಲಕಿಯರ ರಾಷ್ಟ್ರೀಯ ತಂಡಗಳಿಗಾಗಿ ದಕ್ಷಿಣ ಏಷ್ಯಾ ಫುಟ್‌ಬಾಲ್ ಫೆಡರೇಷನ್ (ಸ್ಯಾಫ್) ನಡೆಸುವ ಟೂರ್ನಿ. 2017ರ ಡಿಸೆಂಬರ್‌ನಲ್ಲಿ ಢಾಕಾದಲ್ಲಿ 15 ವರ್ಷದೊಳಗಿನವರ ಪಂದ್ಯಾವಳಿಯಾಗಿ ಶುರುವಾಯಿತು. ಮರುವರ್ಷ 18 ವರ್ಷದೊಳಗಿನವರ ವಿಭಾಗವೂ ಸೇರಿತು. ಅಂದಿನಿಂದ ಟೂರ್ನಿ ಎರಡು ಕವಲಾಗಿ ಸಾಗಿದೆ. ಕಿರಿಯರ ವಿಭಾಗದ ವಯೋಮಿತಿ 15, 16, 17 ಎಂದು ಬದಲಾಗುತ್ತ ಬಂದರೆ, ಹಿರಿಯರ ವಿಭಾಗದ್ದು 18, 19, 20 ಎಂದು ಬದಲಾಗಿದೆ. ಸ್ಯಾಫ್‌ನ ಸದಸ್ಯ ರಾಷ್ಟ್ರಗಳು ಏಳು: ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ್, ಪಾಕಿಸ್ತಾನ, ಶ್ರೀಲಂಕಾ ಮತ್ತು ಮಾಲ್ಡೀವ್ಸ್. ಪ್ರತಿ ಸಲವೂ ತಪ್ಪದೆ ಆಡಿದ ದೇಶಗಳು ಬಾಂಗ್ಲಾದೇಶ ಮತ್ತು ನೇಪಾಳ. ಏಳೂ ದೇಶಗಳು ಒಟ್ಟಾಗಿ ಕಣಕ್ಕಿಳಿದ ವರ್ಷ ಇನ್ನೂ ಬಂದಿಲ್ಲ.

ಈ ಭಾಗದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಎಲ್ಲ ಹಂತದಲ್ಲೂ ತಡವಾಗಿಯೇ ಬಂದಿದೆ. ಸ್ಯಾಫ್ ಸ್ಥಾಪನೆಯಾದದ್ದು 1997ರಲ್ಲಿ. ಹಿರಿಯ ಮಹಿಳೆಯರ ಚಾಂಪಿಯನ್‌ಷಿಪ್ ಮೊದಲು ನಡೆದದ್ದು 2010ರಲ್ಲಿ, ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ. ಹುಡುಗರ ವಯೋಮಿತಿ ಟೂರ್ನಿ 2011ರಲ್ಲೇ ಆರಂಭವಾಯಿತು. ಹುಡುಗಿಯರು ಇನ್ನೂ ಆರು ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಹಿರಿಯ ಮಹಿಳೆಯರ ಕಪ್ಪನ್ನು ಭಾರತ ಸತತ ನಾಲ್ಕು ಸಲ ಗೆದ್ದಾಗಿತ್ತು, 2019ರಲ್ಲಿ ಐದನೆಯದೂ ಬಂತು. ಸರಿಸಾಟಿ ಯಾರೂ ಇಲ್ಲದ ವಲಯ ಎಂದೇ ಆಗ ಎಲ್ಲರ ಎಣಿಕೆ. ಆ ಎಣಿಕೆಯನ್ನು ಮುರಿದದ್ದು ಕಿರಿಯರ ಆಟ.

ಸ್ಯಾಫ್ ಟೂರ್ನಿಗೂ ಮೊದಲು ಏಷ್ಯಾ ಫುಟ್‌ಬಾಲ್ ಒಕ್ಕೂಟ (ಎಎಫ್‌ಸಿ) ದಕ್ಷಿಣ ಮತ್ತು ಮಧ್ಯ ಏಷ್ಯಾ ವಲಯಕ್ಕೆಂದು 14 ವರ್ಷದೊಳಗಿನ ಬಾಲಕಿಯರ ಪ್ರಾದೇಶಿಕ ಚಾಂಪಿಯನ್‌ಷಿಪ್ ನಡೆಸುತ್ತಿತ್ತು. 2015ರಲ್ಲಿ ಅದರ ಆತಿಥ್ಯ ನೇಪಾಳದ್ದು. ಬಾಂಗ್ಲಾದೇಶ ಮತ್ತು ನೇಪಾಳ ಫೈನಲ್ ತಲುಪಿದ್ದವು. ಅಷ್ಟರಲ್ಲೇ ಏಪ್ರಿಲ್ 25ರ ಭೂಕಂಪ ಕಠ್ಮಂಡು ಕಣಿವೆಯನ್ನು ತತ್ತರಿಸುವಂತೆ ಮಾಡಿತು. ನಿಂತುಹೋದ ಫೈನಲ್ ಅದೇ ವರ್ಷದ ಡಿಸೆಂಬರ್‌ನಲ್ಲಿ ನಡೆದು, ಬಾಂಗ್ಲಾದೇಶ 1–0ಯಿಂದ ಗೆದ್ದಿತು. ಮರುವರ್ಷ ತಜಿಕಿಸ್ತಾನದಲ್ಲೂ ಅದೇ ದೇಶ ಚಾಂಪಿಯನ್ ಆಯಿತು. ಅಲ್ಲಿ ಫೈನಲ್‌ನಲ್ಲಿ ಸೋತದ್ದು ಭಾರತ. ಮುಂದಿನ ಹತ್ತು ವರ್ಷ ಈ ವಲಯದಲ್ಲಿ ಏನಾಗಲಿದೆ ಎಂಬುದರ ಸುಳಿವು ಈ ಎರಡು ಫಲಿತಾಂಶಗಳಲ್ಲೇ ಇತ್ತು.

ಮೊದಲ ವರ್ಷಗಳು

2017ರ ಟೂರ್ನಿಯಲ್ಲಿ ಆಡಿದ್ದು ನಾಲ್ಕು ತಂಡ: ಬಾಂಗ್ಲಾದೇಶ, ಭಾರತ, ನೇಪಾಳ, ಭೂತಾನ್. ಪಂದ್ಯಗಳು ಢಾಕಾದ ಕಮಲಾಪುರದಲ್ಲಿರುವ ಕೃತಕ ಹುಲ್ಲುಹಾಸಿನ ಕ್ರೀಡಾಂಗಣದಲ್ಲಿ ನಡೆದವು. 1971ರ ವಿಮೋಚನಾ ಯುದ್ಧದಲ್ಲಿ ಮಡಿದ ಸಿಪಾಯಿ ಮೊಹಮ್ಮದ್ ಮುಸ್ತಫಾ ಕಮಾಲ್ ಹೆಸರಿನ ಈ ಮೈದಾನವೇ ಮುಂದೆ ಟೂರ್ನಿಯ ತವರುಮನೆಯಂತಾಯಿತು. ಮರಿಯಾ ಮಾಂಡಾ ನಾಯಕತ್ವದ ಆತಿಥೇಯ ತಂಡ ಲೀಗ್ ಹಂತದಲ್ಲಿ ಭಾರತವನ್ನು 3–0ಯಿಂದ, ಫೈನಲ್‌ನಲ್ಲಿ ಶಂಸುನ್ನಹಾರ್ ಹೊಡೆದ ಒಂದೇ ಗೋಲಿನಿಂದ ಸೋಲಿಸಿತು. ಇಡೀ ಟೂರ್ನಿಯಲ್ಲಿ ಬಾಂಗ್ಲಾದ ಬಲೆಗೆ ಒಂದು ಚೆಂಡೂ ಬೀಳಲಿಲ್ಲ.

2018ರ ಆಗಸ್ಟ್‌ನಲ್ಲಿ ಟೂರ್ನಿ ಥಿಂಪುವಿಗೆ ಹೋಯಿತು. ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿರುವ ಚಾಂಗ್ಲಿಮಿಥಾಂಗ್ ಕ್ರೀಡಾಂಗಣದಲ್ಲಿ ಬಯಲುಸೀಮೆಯಿಂದ ಬಂದ ಹುಡುಗಿಯರಿಗೆ ಮೊದಲ ಎದುರಾಳಿ ಗಾಳಿಯೇ. ಈ ಸಲ ತಂಡಗಳು ಆರು. ಪಾಕಿಸ್ತಾನ, ಶ್ರೀಲಂಕಾ ಎರಡೂ ಬಂದವು. ಫೈನಲ್‌ನಲ್ಲಿ ಜಾರ್ಖಂಡ್‌ನ ಸುನೀತಾ ಮುಂಡಾ ಗೋಲಿನಿಂದ ಭಾರತ 1–0 ಅಂತರದಲ್ಲಿ ಬಾಂಗ್ಲಾದೇಶವನ್ನು ಮಣಿಸಿ ಹಿಂದಿನ ವರ್ಷದ ಲೆಕ್ಕ ಚುಕ್ತಾ ಮಾಡಿತು. 2019ರ ಅಕ್ಟೋಬರ್‌ನಲ್ಲಿ ಅದೇ ಮೈದಾನ, ಅದೇ ಇಬ್ಬರು ಎದುರಾಳಿಗಳು. ಪೂರ್ತಿ ಅವಧಿಯಲ್ಲಿ ಗೋಲೇ ಬರಲಿಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಭಾರತ 5–3ರಿಂದ ಗೆದ್ದಿತು.

ಎರಡು ಕಿರಿಯರ ಟೂರ್ನಿಗಳ ನಡುವೆ, 2018ರ ಸೆಪ್ಟೆಂಬರ್ ಕೊನೆಯಲ್ಲಿ, ಥಿಂಪುವಿನಲ್ಲೇ 18 ವರ್ಷದೊಳಗಿನವರ ಮೊದಲ ಚಾಂಪಿಯನ್‌ಷಿಪ್ ನಡೆಯಿತು. ಭಾರತ ಫೈನಲ್ ತಲುಪಲಿಲ್ಲ. ಮಸೂರಾ ಪರ್ವೀನ್ ಗೋಲಿನ ನೆರವಿನಿಂದ ಬಾಂಗ್ಲಾದೇಶ ನೇಪಾಳವನ್ನು 1–0ಯಿಂದ ಸೋಲಿಸಿತು. ಆದರೆ ಆ ವರ್ಷದ ಎರಡು ಅಂಕಿಗಳನ್ನು ಮರೆಯುವಂತಿಲ್ಲ. 15 ವರ್ಷದೊಳಗಿನವರಲ್ಲಿ ಬಾಂಗ್ಲಾದೇಶ ಪಾಕಿಸ್ತಾನದ ಮೇಲೆ 14 ಗೋಲು ಹೊಡೆಯಿತು. 18 ವರ್ಷದೊಳಗಿನವರಲ್ಲಿ 17. ಪಾಕಿಸ್ತಾನದ ಫುಟ್‌ಬಾಲ್ ಸಂಸ್ಥೆ ಅದೇ ವರ್ಷದ ಮಾರ್ಚ್‌ನಲ್ಲಷ್ಟೇ ಫಿಫಾ ಅಮಾನತಿನಿಂದ ಹೊರಬಂದಿತ್ತು. ಆಡಳಿತಗಾರರು ಕಚೇರಿಗಾಗಿ ಕಿತ್ತಾಡಿದ್ದರ ದಂಡವನ್ನು ತೆತ್ತವರು ಮೈದಾನಕ್ಕಿಳಿದ ಹದಿಹರೆಯದ ಹುಡುಗಿಯರು. 17–0 ಎಂಬ ಫಲಿತಾಂಶವನ್ನು ಯಾರದೋ ದೌರ್ಬಲ್ಯ ಎಂದು ಓದುವುದಕ್ಕಿಂತ, ಅಭ್ಯಾಸಕ್ಕೇ ಅವಕಾಶ ಸಿಗದವರನ್ನು ವರ್ಷವಿಡೀ ಅಭ್ಯಾಸ ಮಾಡಿದವರ ಎದುರು ನಿಲ್ಲಿಸಿದ್ದರ ಫಲ ಎಂದು ಓದುವುದು ನ್ಯಾಯ.

ಕಲ್ಸಿಂದೂರಿನಿಂದ ಮೋತಿಝೀಲ್‌ವರೆಗೆ

ಬಾಂಗ್ಲಾದೇಶದ ಈ ಏಳಿಗೆಯ ಬೇರು ಹುಡುಕಿಕೊಂಡು ಹೋದರೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಅಂಗಳಕ್ಕೆ ಬಂದು ನಿಲ್ಲುತ್ತೇವೆ. ಮೈಮನ್‌ಸಿಂಗ್ ಜಿಲ್ಲೆಯ ಧೋಬಾವುರಾ ತಾಲ್ಲೂಕಿನಲ್ಲಿ, ಮೇಘಾಲಯದ ಗಾರೋ ಬೆಟ್ಟಗಳ ಬುಡದಲ್ಲಿ, ಕಲ್ಸಿಂದೂರು ಎಂಬ ಹಳ್ಳಿಯಿದೆ. 2011ರಲ್ಲಿ ಬಾಂಗ್ಲಾ ಸರ್ಕಾರ ಪ್ರಾಥಮಿಕ ಶಾಲೆಗಳ ಹೆಣ್ಣುಮಕ್ಕಳಿಗೆಂದು ದೇಶದಾದ್ಯಂತ ಫುಟ್‌ಬಾಲ್ ಟೂರ್ನಿ ಆರಂಭಿಸಿದಾಗ ಇಲ್ಲಿನ ಶಿಕ್ಷಕ ಮಫೀಜ್ ಉದ್ದೀನ್ ಹುಡುಗಿಯರನ್ನು ಒಟ್ಟುಗೂಡಿಸಿದರು. ಹೆಣ್ಣುಮಕ್ಕಳು ಚಡ್ಡಿ ತೊಟ್ಟು ಬಯಲಿನಲ್ಲಿ ಓಡುವುದಕ್ಕೆ ಊರು ಸುಲಭವಾಗಿ ಒಪ್ಪಲಿಲ್ಲ. ಮನೆಮನೆಗೆ ಹೋಗಿ ತಂದೆತಾಯಿಯರ ಮನವೊಲಿಸಬೇಕಾಯಿತು. ಆ ಶಾಲೆ 2013ರಿಂದ ಸತತ ಮೂರು ವರ್ಷ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಗೆಲುವುಗಳ ಕಾರಣದಿಂದಲೇ ಊರಿಗೆ ವಿದ್ಯುತ್ ಬಂತು. ಗಾರೋ ಸಮುದಾಯದ ಮರಿಯಾ ಮಾಂಡಾ, ಸಂಜಿದಾ ಅಖ್ತರ್, ತಹುರಾ ಖಾತೂನ್ ಎಲ್ಲರೂ ಇದೇ ಊರಿನವರು. ಶಂಸುನ್ನಹಾರ್ ಎಂಬ ಹೆಸರಿನವರು ಇಬ್ಬರಿದ್ದು, ಇಬ್ಬರೂ ಇಲ್ಲಿಯವರೇ. ಸೀನಿಯರ್, ಜೂನಿಯರ್ ಎಂದು ಸೇರಿಸಿಯೇ ಪತ್ರಿಕೆಗಳು ಅವರ ಸುದ್ದಿ ಬರೆಯುತ್ತವೆ.

ಇನ್ನೊಂದು ಸೆಲೆ ಚಿತ್ತಗಾಂಗ್ ಬೆಟ್ಟಪ್ರದೇಶದ ರಾಂಗಾಮಾಟಿ ಮತ್ತು ಖಾಗ್ಡಾಛಡಿ ಜಿಲ್ಲೆಗಳು. ರೂಪ್ನಾ ಚಕ್ಮಾ, ಋತುಪರ್ಣಾ ಚಕ್ಮಾ, ಮೊನಿಕಾ ಚಕ್ಮಾ, ಅವಳಿ ಸೋದರಿಯರಾದ ಆನಾಯಿ ಮತ್ತು ಆನುಚಿಂಗ್ ಮೋಗಿನಿ ಅಲ್ಲಿಂದ ಬಂದವರು. ರಾಜಧಾನಿಯ ದೊಡ್ಡ ಕ್ಲಬ್ಬುಗಳು ಹೆಣ್ಣುಮಕ್ಕಳ ಕಡೆ ತಿರುಗಿ ನೋಡದಿದ್ದ ಕಾಲದಲ್ಲಿ ಗಡಿಯಂಚಿನ ಬುಡಕಟ್ಟು ಹಳ್ಳಿಗಳೇ ರಾಷ್ಟ್ರೀಯ ತಂಡವನ್ನು ತುಂಬಿದವು.

ಪ್ರತಿಭೆ ಸಿಕ್ಕಿದ ಮೇಲೆ ಅದನ್ನು ಚದುರಲು ಬಿಡದಿದ್ದದ್ದೇ ಬಾಂಗ್ಲಾ ಫುಟ್‌ಬಾಲ್ ಫೆಡರೇಷನ್ ಮಾಡಿದ ನಿಜವಾದ ಕೆಲಸ. ಢಾಕಾದ ಮೋತಿಝೀಲ್‌ನಲ್ಲಿರುವ ಫೆಡರೇಷನ್ ಕಟ್ಟಡದಲ್ಲೇ ಹುಡುಗಿಯರಿಗೆ ವಸತಿ ಶಿಬಿರ ಶುರುವಾಯಿತು. ಟೂರ್ನಿಗೆ ಹದಿನೈದು ದಿನ ಇರುವಾಗ ಕರೆಸಿಕೊಂಡು, ಮುಗಿದ ಮೇಲೆ ಬಸ್ಸು ಹತ್ತಿಸಿ ಕಳಿಸುವ ಪದ್ಧತಿಯನ್ನು ಬಿಟ್ಟು ವರ್ಷಪೂರ್ತಿ ಒಟ್ಟಿಗೆ ಇಟ್ಟು ತರಬೇತಿ ಕೊಟ್ಟರು. ಬಹುಕಾಲ ಕೋಚ್ ಆಗಿದ್ದವರು ಗೋಲಾಂ ರಬ್ಬಾನಿ ಛೋಟನ್. ಕಿರಿಯರ ತಂಡ 2016ರಲ್ಲೇ ಎಎಫ್‌ಸಿ 16 ವರ್ಷದೊಳಗಿನವರ ಚಾಂಪಿಯನ್‌ಷಿಪ್‌ನ ಅಂತಿಮ ಸುತ್ತಿಗೆ ಅರ್ಹತೆ ಪಡೆದಿತ್ತು. ಸ್ಯಾಫ್ ಕಪ್ ಅದರ ನಂತರ ಬಂದದ್ದು.

2021ರಿಂದ 2023

ಕೋವಿಡ್ ಬಿಡುವಿನ ನಂತರ, ಬಾಂಗ್ಲಾದೇಶ ಸ್ವಾತಂತ್ರ್ಯದ ಸುವರ್ಣ ವರ್ಷವಾದ 2021ರ ಡಿಸೆಂಬರ್‌ನಲ್ಲಿ, ಹಿರಿಯರ ವಿಭಾಗ 19 ವರ್ಷದೊಳಗಿನವರ ಟೂರ್ನಿಯಾಗಿ ಕಮಲಾಪುರಕ್ಕೆ ಬಂತು. ಆನಾಯಿ ಮೋಗಿನಿ ಕೊನೆಯ ಹತ್ತು ನಿಮಿಷದ ಹೊಸ್ತಿಲಲ್ಲಿ ಹೊಡೆದ ಗೋಲಿನಿಂದ ಬಾಂಗ್ಲಾದೇಶ ಭಾರತವನ್ನು ಫೈನಲ್‌ನಲ್ಲಿ ಮಣಿಸಿತು. ಈ ಸಲವೂ ಒಂದು ಗೋಲನ್ನೂ ಬಿಟ್ಟುಕೊಡದೆ ಕಪ್ ಗೆದ್ದಿತು.

ಮೂರೇ ತಿಂಗಳಲ್ಲಿ, 2022ರ ಮಾರ್ಚ್‌ನಲ್ಲಿ, ವಯೋಮಿತಿ ಮತ್ತೆ 18ಕ್ಕೆ ಇಳಿದು ಜಮ್ಶೆಡ್‌ಪುರದ ಜೆ.ಆರ್.ಡಿ. ಟಾಟಾ ಕ್ರೀಡಾ ಸಂಕೀರ್ಣದಲ್ಲಿ ಪಂದ್ಯಗಳು ನಡೆದವು. ಆಡಿದ್ದು ಭಾರತ, ಬಾಂಗ್ಲಾದೇಶ, ನೇಪಾಳ ಮಾತ್ರ. ಕೊನೆಯ ಪಂದ್ಯದಲ್ಲಿ ಭಾರತ 0–1ರಿಂದ ಬಾಂಗ್ಲಾಕ್ಕೆ ಸೋತಿತು, ಅಂಕಗಳೂ ಸಮವಾದವು. ಆದರೂ ಗೋಲು ಅಂತರದ ಬಲದಿಂದ ಕಪ್ ಆತಿಥೇಯರಿಗೇ ಉಳಿಯಿತು. ಮಣಿಪುರದ ಲಿಂಡಾ ಕೋಮ್ ಸೆರ್ತೊ ಐದು ಗೋಲು ಹೊಡೆದು ಶ್ರೇಷ್ಠ ಆಟಗಾರ್ತಿ ಎನಿಸಿದರು. ಸ್ವೀಡನ್‌ನ ಥಾಮಸ್ ಡೆನ್ನರ್‌ಬಿ ತರಬೇತಿಯಲ್ಲಿದ್ದ ಈ ಭಾರತ ತಂಡಕ್ಕೆ ಅದೇ ವರ್ಷ ತವರಿನಲ್ಲಿ ನಡೆಯಲಿದ್ದ ಫಿಫಾ 17 ವರ್ಷದೊಳಗಿನವರ ವಿಶ್ವಕಪ್‌ಗೆ ಇದು ತಾಲೀಮು. ಅಕ್ಟೋಬರ್‌ನಲ್ಲಿ ಅಲ್ಲಿ ಅಮೆರಿಕ ಎದುರು 0–8, ಮೊರಾಕೊ ಎದುರು 0–3, ಬ್ರೆಜಿಲ್ ಎದುರು 0–5. ದಕ್ಷಿಣ ಏಷ್ಯಾದಲ್ಲಿ ಗೆಲ್ಲುವುದಕ್ಕೂ ಜಗತ್ತಿನ ಎದುರು ನಿಲ್ಲುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಈ ಮೂರು ಫಲಿತಾಂಶಗಳು ಮುಚ್ಚುಮರೆಯಿಲ್ಲದೆ ತೋರಿಸಿದವು.

ಅದೇ ವರ್ಷದ ನವೆಂಬರ್‌ನಲ್ಲಿ ಢಾಕಾದಲ್ಲಿ ನಡೆದ 15 ವರ್ಷದೊಳಗಿನವರ ಟೂರ್ನಿಗೆ ಭಾರತ ಬರಲಿಲ್ಲ. ಬಾಂಗ್ಲಾದೇಶ, ನೇಪಾಳ, ಭೂತಾನ್ ಪರಸ್ಪರ ಎರಡೆರಡು ಸಲ ಆಡಿದವು. ಕೊನೆಯ ಪಂದ್ಯವನ್ನು 1–1ರಿಂದ ಡ್ರಾ ಮಾಡಿಕೊಂಡು ನೇಪಾಳ ಚಾಂಪಿಯನ್ ಆಯಿತು. ಹೆಣ್ಣುಮಕ್ಕಳ ಫುಟ್‌ಬಾಲ್‌ಗೆ ಪೊಲೀಸ್, ಸೈನ್ಯ, ಸಶಸ್ತ್ರ ಪೊಲೀಸ್ ಪಡೆಗಳ ಇಲಾಖಾ ತಂಡಗಳನ್ನೇ ಬಹುಮಟ್ಟಿಗೆ ನೆಚ್ಚಿಕೊಂಡಿರುವ ನೇಪಾಳಕ್ಕೆ ಆ ಕಪ್‌ನ ಬೆಲೆ ದೊಡ್ಡದು. ಹಿರಿಯ ಮಹಿಳೆಯರಲ್ಲೂ ಕಿರಿಯರಲ್ಲೂ ಫೈನಲ್ ತಲುಪಿ ಬರಿಗೈಯಲ್ಲಿ ಮರಳಿದ ನೋವು ಆ ದೇಶಕ್ಕೆ ಹೊಸದಲ್ಲ. ಮುಂದಿನ ಫೆಬ್ರವರಿಯಲ್ಲೇ, 20 ವರ್ಷದೊಳಗಿನವರ ಟೂರ್ನಿಯಲ್ಲಿ ಭಾರತವನ್ನು ಹಿಂದಿಕ್ಕಿ ಫೈನಲ್ ಸೇರಿದ ನೇಪಾಳ ಅಲ್ಲಿ ಬಾಂಗ್ಲಾದೇಶಕ್ಕೆ 0–3ರಿಂದ ಸೋತಿತು. ಗೆದ್ದ ತಂಡದ ನಾಯಕಿ ಶಂಸುನ್ನಹಾರ್ ಜೂನಿಯರ್.

2023ರ ಮಾರ್ಚ್‌ನ 17 ವರ್ಷದೊಳಗಿನವರ ಟೂರ್ನಿ ಎಲ್ಲಕ್ಕಿಂತ ಬೇರೆ. ಉಕ್ರೇನ್ ಮೇಲಿನ ದಾಳಿಯ ಕಾರಣ ಫಿಫಾ ಮತ್ತು ಯುರೋಪಿನ ಟೂರ್ನಿಗಳಿಂದ ಹೊರಬಿದ್ದಿದ್ದ ರಷ್ಯಾ ಅತಿಥಿ ತಂಡವಾಗಿ ಢಾಕಾಕ್ಕೆ ಬಂತು, ಆಡಿತು, ಕಪ್ ಒಯ್ದಿತು. ಬಾಂಗ್ಲಾದೇಶ ಎರಡನೆಯ ಸ್ಥಾನ ಪಡೆಯಿತು. ಹೊರಗಿನವರನ್ನು ಕರೆಸುವುದು ಆ ವರ್ಷ ಸ್ಯಾಫ್‌ಗೆ ಒಗ್ಗಿದ ಪದ್ಧತಿಯೇ ಆಗಿತ್ತು: ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಪುರುಷರ ಚಾಂಪಿಯನ್‌ಷಿಪ್‌ನಲ್ಲೂ ಕುವೈತ್, ಲೆಬನಾನ್ ಅತಿಥಿಗಳಾಗಿದ್ದವು, ಫೈನಲ್‌ನಲ್ಲಿ ಕುವೈತ್ ವಿರುದ್ಧ ಭಾರತ ಶೂಟೌಟ್‌ನಲ್ಲಿ ಗೆದ್ದದ್ದನ್ನು ಕನ್ನಡದ ಓದುಗರು ಮರೆತಿರಲಾರರು. ಬಲಿಷ್ಠರೊಡನೆ ಆಡಿದರೆ ಕಲಿಕೆ ಉಂಟು, ನಿಜ. ಆದರೆ ದಕ್ಷಿಣ ಏಷ್ಯಾದ ಮೂರು ಸದಸ್ಯ ದೇಶಗಳ ಹುಡುಗಿಯರು ಮನೆಯಲ್ಲಿ ಉಳಿದಿರುವಾಗ ಯುರೋಪಿನ ತಂಡಕ್ಕೆ ಜಾಗ ಕೊಟ್ಟದ್ದು ಟೂರ್ನಿಯ ಉದ್ದೇಶಕ್ಕೆ ಹೊಂದುವ ಮಾತಲ್ಲ.

ನಾಣ್ಯ ಚಿಮ್ಮಿದ ಫೈನಲ್

2024ರ ಫೆಬ್ರವರಿ 8ರಂದು ಕಮಲಾಪುರದಲ್ಲಿ ನಡೆದ 19 ವರ್ಷದೊಳಗಿನವರ ಫೈನಲ್ ಈ ಟೂರ್ನಿಯ ಚರಿತ್ರೆಯಲ್ಲೇ ಹೆಚ್ಚು ಚರ್ಚೆಯಾದ ಪಂದ್ಯ. ಎಂಟನೇ ನಿಮಿಷದಲ್ಲಿ ಶಿಬಾನಿ ದೇವಿ ಗೋಲು ಹೊಡೆದು ಭಾರತಕ್ಕೆ ಮುನ್ನಡೆ ತಂದರು. ಅಲ್ಲಿಂದ ತೊಂಬತ್ತನೇ ನಿಮಿಷದವರೆಗೂ ಭಾರತದ ರಕ್ಷಣಾ ಸಾಲು ಅದನ್ನು ಕಾಯ್ದುಕೊಂಡಿತು. ಹೆಚ್ಚುವರಿ ನಿಮಿಷಗಳಲ್ಲಿ ಸಾಗರಿಕಾ ಸಮಬಲದ ಗೋಲು ಹೊಡೆದರು. ಠಾಕುರ್‌ಗಾಂವ್ ಜಿಲ್ಲೆಯ ರಾಣಿಶಂಕೈಲ್‌ನ, ಚಹಾ ಅಂಗಡಿ ನಡೆಸುವವರ ಮಗಳು ಅವರು.

ನಂತರ ಶೂಟೌಟ್. ಐದರ ಸುತ್ತು ಮುಗಿದರೂ ಯಾರೂ ತಪ್ಪಲಿಲ್ಲ. ಆರು, ಏಳು, ಎಂಟು. ಕೊನೆಗೆ ಗೋಲ್‌ಕೀಪರ್‌ಗಳೂ ಬಂದು ಒದ್ದರು, ಅವರದೂ ಗೋಲಾಯಿತು. ಇಪ್ಪತ್ತೆರಡು ಹೊಡೆತಗಳಿಗೆ ಇಪ್ಪತ್ತೆರಡು ಗೋಲು: 11–11. ಹದಿಹರೆಯದವರು, ತುಂಬಿದ ಗದ್ದಲದ ನಡುವೆ, ಒಬ್ಬರೂ ಎಡವಲಿಲ್ಲ ಎಂಬುದನ್ನು ಆಟ ಬಲ್ಲವರು ಬಹುಕಾಲ ನೆನೆಯಬೇಕಿತ್ತು. ಆದರೆ ನೆನಪಿನಲ್ಲಿ ಉಳಿದದ್ದು ಬೇರೆಯೇ. ನಿಯಮದ ಪ್ರಕಾರ ಫಲಿತಾಂಶ ಬರುವವರೆಗೂ ಒದೆತಗಳು ಮುಂದುವರಿಯಬೇಕು. ಪಂದ್ಯದ ಕಮಿಷನರ್ ಅದರ ಬದಲು ನಾಯಕಿಯರನ್ನು ಕರೆಸಿ ನಾಣ್ಯ ಚಿಮ್ಮಿಸಿದರು. ಟಾಸ್ ಭಾರತದ ಕಡೆ ಬಿತ್ತು, ಭಾರತದ ಹುಡುಗಿಯರು ಕುಣಿದಾಡಿದರು. ಬಾಂಗ್ಲಾ ತಂಡ ಮೈದಾನ ಬಿಟ್ಟು ಕದಲದೆ ಪ್ರತಿಭಟಿಸಿತು. ಪ್ರೇಕ್ಷಕರ ಕಡೆಯಿಂದ ಬಾಟಲಿಗಳು ಬಿದ್ದವು. ತಪ್ಪು ಅರಿವಾಗಿ ತೀರ್ಮಾನ ಹಿಂತೆಗೆದುಕೊಂಡು ಶೂಟೌಟ್ ಮುಂದುವರಿಸಲು ಹೊರಟಾಗ ಭಾರತ ಮರಳಿ ಬರಲು ಒಪ್ಪಲಿಲ್ಲ. ಗಂಟೆಗಟ್ಟಲೆ ಎಳೆದಾಟದ ಬಳಿಕ ಎರಡೂ ದೇಶಗಳನ್ನು ಜಂಟಿ ವಿಜೇತರೆಂದು ಘೋಷಿಸಲಾಯಿತು. ಆ ರಾತ್ರಿಯ ತಪ್ಪಿನಲ್ಲಿ ಆಟಗಾರ್ತಿಯರ ಪಾಲು ಎಳ್ಳಷ್ಟೂ ಇಲ್ಲ. ಅವರಿಗೆ ದಕ್ಕಬೇಕಿದ್ದ ಒಂದು ಅಪರೂಪದ ಫೈನಲ್ ಅಧಿಕಾರಿಗಳ ಅಜ್ಞಾನದಿಂದ ಕೈತಪ್ಪಿತು.

ತಿಂಗಳೊಳಗೆ ಎರಡೂ ದೇಶಗಳು ಮತ್ತೆ ಎದುರಾದವು. ನೇಪಾಳದಲ್ಲಿ ನಡೆದ 16 ವರ್ಷದೊಳಗಿನವರ ಫೈನಲ್‌ನಲ್ಲೂ ಮೊದಲು ಗೋಲು ಹೊಡೆದದ್ದು ಭಾರತ, ಅನುಷ್ಕಾ ಕುಮಾರಿ ಮೂಲಕ, ಅಲ್ಲೂ 1–1. ಈ ಸಲದ ಶೂಟೌಟ್‌ನಲ್ಲಿ ಗೊಂದಲವಿರಲಿಲ್ಲ. ಬಾಂಗ್ಲಾದ ಗೋಲ್‌ಕೀಪರ್ ಯಾರ್ಜಾನ್ ಬೇಗಂ ಮೂರು ಹೊಡೆತ ತಡೆದು 3–2ರ ಗೆಲುವು ತಂದುಕೊಟ್ಟರು.

2025 ಮತ್ತು ನಂತರದ ಫಲ

2025ರ ಜುಲೈನಲ್ಲಿ 20 ವರ್ಷದೊಳಗಿನವರ ಟೂರ್ನಿ ಢಾಕಾದ ಬಸುಂಧರಾ ಕಿಂಗ್ಸ್ ಅರೇನಾದಲ್ಲಿ ನಡೆಯಿತು. ಭಾರತ ಇರಲಿಲ್ಲ, ಶ್ರೀಲಂಕಾ ಬಂದಿತ್ತು. ಫೈನಲ್ ಇಲ್ಲದ, ಎರಡು ಸುತ್ತಿನ ಲೀಗ್. ನೇಪಾಳ ಎದುರಿನ ಮೊದಲ ಪಂದ್ಯದಲ್ಲಿ ಕೆಂಪು ಕಾರ್ಡ್ ಪಡೆದು ಹೊರಗುಳಿದಿದ್ದ ಸಾಗರಿಕಾ ಕೊನೆಯ ಪಂದ್ಯಕ್ಕೆ ಮರಳಿ, ಅದೇ ನೇಪಾಳದ ಮೇಲೆ ನಾಲ್ಕೂ ಗೋಲು ತಾವೇ ಹೊಡೆದು 4–0ಯಿಂದ ಕಪ್ ಗೆಲ್ಲಿಸಿದರು. ಆಗಸ್ಟ್‌ನಲ್ಲಿ ಥಿಂಪುವಿನಲ್ಲಿ 17 ವರ್ಷದೊಳಗಿನವರ ಸರದಿ. ಅಲ್ಲಿ ಭಾರತ ಒಂದು ಪಂದ್ಯ ಬಾಕಿ ಇರುವಾಗಲೇ ಚಾಂಪಿಯನ್ ಆಯಿತು. 2025ರವರೆಗಿನ ಲೆಕ್ಕ ನೋಡಿದರೆ ಹಿರಿಯರ ವಿಭಾಗದ ಆರು ಟೂರ್ನಿಗಳಲ್ಲಿ ಐದರ ವಿಜೇತರ ಪಟ್ಟಿಯಲ್ಲಿ ಬಾಂಗ್ಲಾದೇಶದ ಹೆಸರಿದೆ, ಒಂದು ಜಂಟಿಯಾಗಿ. ಕಿರಿಯರ ಏಳರಲ್ಲಿ ಭಾರತಕ್ಕೆ ಮೂರು, ಬಾಂಗ್ಲಾಕ್ಕೆ ಎರಡು, ನೇಪಾಳ ಮತ್ತು ರಷ್ಯಾಕ್ಕೆ ತಲಾ ಒಂದು.

ಕಿರಿಯರ ಟೂರ್ನಿಯ ಯೋಗ್ಯತೆ ಗೊತ್ತಾಗುವುದು ಆ ಕಿರಿಯರು ಬೆಳೆದ ಮೇಲೆ. 2022ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ನೇಪಾಳವನ್ನು 3–1ರಿಂದ ಸೋಲಿಸಿ ಬಾಂಗ್ಲಾದೇಶ ಮೊದಲ ಬಾರಿಗೆ ಹಿರಿಯ ಮಹಿಳೆಯರ ಸ್ಯಾಫ್ ಕಪ್ ಗೆದ್ದಾಗ ತಂಡದ ಬೆನ್ನೆಲುಬು ಈ ವಯೋಮಿತಿ ಟೂರ್ನಿಗಳಲ್ಲಿ ಪಳಗಿದವರದ್ದೇ. ಢಾಕಾದಲ್ಲಿ ತೆರೆದ ಬಸ್ಸಿನ ಮೆರವಣಿಗೆಯಲ್ಲಿ ಅವರನ್ನು ಬರಮಾಡಿಕೊಂಡರು. 2024ರ ಅಕ್ಟೋಬರ್‌ನಲ್ಲಿ ಮೊನಿಕಾ ಮತ್ತು ಋತುಪರ್ಣಾ ಚಕ್ಮಾ ಗೋಲುಗಳಿಂದ ಕಪ್ ಉಳಿಯಿತು. 2025ರ ಜುಲೈನಲ್ಲಿ ಯಾಂಗೂನ್‌ನಲ್ಲಿ ಋತುಪರ್ಣಾ ಎರಡು ಗೋಲು ಹೊಡೆದು ಮ್ಯಾನ್ಮಾರ್ ತಂಡವನ್ನು ಮಣಿಸಿದಾಗ ಬಾಂಗ್ಲಾದೇಶ ಮೊದಲ ಸಲ ಮಹಿಳಾ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಆಗ ನಾಯಕಿಯಾಗಿದ್ದವರು ಆಫೀದಾ ಖಂದಕರ್, ನಾಣ್ಯ ಚಿಮ್ಮಿದ ಆ ಫೈನಲ್‌ನಲ್ಲಿ ಬಾಂಗ್ಲಾ ತಂಡವನ್ನು ಮುನ್ನಡೆಸಿದವರು.

ಭಾರತದಲ್ಲೂ ಇಂಥ ಬೆಳೆ ಇದೆ, ಹರಡಿಕೊಂಡಿದೆ ಅಷ್ಟೆ. ಮಣಿಪುರದ ಹಳೆಯ ಪರಂಪರೆ ಒಂದು ಕಡೆ. ಜಾರ್ಖಂಡ್‌ನ ಗುಮ್ಲಾ, ರಾಂಚಿ ಸುತ್ತಲಿನ ಆದಿವಾಸಿ ಹಳ್ಳಿಗಳು ಇನ್ನೊಂದು ಕಡೆ. 2022ರ ವಿಶ್ವಕಪ್‌ನಲ್ಲಿ ಭಾರತದ ನಾಯಕಿಯಾಗಿದ್ದ ಅಸ್ತಂ ಒರಾಂವ್ ಗುಮ್ಲಾದವರು. ಸ್ಯಾಫ್‌ನ 2024ರ ಫೈನಲ್‌ನಲ್ಲಿ ಗೋಲು ಹೊಡೆದೂ ಸೋತ ಅನುಷ್ಕಾ, 2025ರ ಅಕ್ಟೋಬರ್‌ನಲ್ಲಿ ಬಿಷ್ಕೆಕ್‌ನಲ್ಲಿ ಉಜ್ಬೇಕಿಸ್ತಾನ ವಿರುದ್ಧ ಗೆಲುವಿನ ಗೋಲು ಹೊಡೆದು ಭಾರತವನ್ನು 17 ವರ್ಷದೊಳಗಿನವರ ಏಷ್ಯಾ ಕಪ್‌ಗೆ ಒಯ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತ, ಬಾಂಗ್ಲಾದೇಶ ಎರಡೂ 20 ವರ್ಷದೊಳಗಿನವರ ಏಷ್ಯಾ ಕಪ್‌ಗೂ ಅರ್ಹತೆ ಗಳಿಸಿದ್ದವು. ಒಬ್ಬರನ್ನೊಬ್ಬರು ಮತ್ತೆ ಮತ್ತೆ ಎದುರಿಸಿ ಇಬ್ಬರೂ ಗಟ್ಟಿಯಾದರು.

ಉಳಿದ ಕೊರತೆಗಳು ಗುಟ್ಟಿನವಲ್ಲ. ಏಷ್ಯಾದ ಅರ್ಹತಾ ಟೂರ್ನಿಗಳಿಗೆ ಹೊಂದಿಸಿಕೊಳ್ಳುವ ಭರದಲ್ಲಿ ವಯೋಮಿತಿ ವರ್ಷವರ್ಷಕ್ಕೂ ಬದಲಾಗುತ್ತದೆ. ಹೀಗಾಗಿ ಒಂದು ವರ್ಷ ತಂಡದಲ್ಲಿದ್ದ ಹುಡುಗಿ ಮರುವರ್ಷ ಯಾವ ವಿಭಾಗಕ್ಕೂ ಸೇರದೆ ನಡುವೆ ಸಿಕ್ಕಿಹಾಕಿಕೊಳ್ಳಬಹುದು. ಒಮ್ಮೆ ಮೂರು ತಂಡ, ಒಮ್ಮೆ ಆರು. ಒಮ್ಮೆ ಫೈನಲ್ ಉಂಟು, ಒಮ್ಮೆ ಇಲ್ಲ. ಆತಿಥ್ಯ ಬಹುಪಾಲು ಢಾಕಾ ಮತ್ತು ಥಿಂಪು ನಡುವೆಯೇ ಸುತ್ತುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಖಾಲಿ ಉಳಿಯುವ ಜಾಗಗಳದ್ದು. 2018ರ 17–0ರ ನಂತರ ಪಾಕಿಸ್ತಾನದ ಹುಡುಗಿಯರಿಗೆ ಬೇಕಾಗಿದ್ದದ್ದು ಇನ್ನಷ್ಟು ಪಂದ್ಯಗಳು. 2025ರ ಎರಡೂ ಟೂರ್ನಿಗಳಲ್ಲಿ ಪಾಕಿಸ್ತಾನವೂ ಇರಲಿಲ್ಲ, ಮಾಲ್ಡೀವ್ಸೂ ಇರಲಿಲ್ಲ. ಸ್ಯಾಫ್ ಮೊದಲು ಮಾಡಬೇಕಾದದ್ದು ಎರಡು ವಯೋಮಿತಿಗಳನ್ನು ಕಾಯಂ ಮಾಡಿ, ದಿನಾಂಕಗಳನ್ನು ವರ್ಷ ಮುಂಚೆಯೇ ಪ್ರಕಟಿಸಿ, ಖರ್ಚು ಭರಿಸಲಾಗದ ಸದಸ್ಯ ದೇಶಗಳ ಪ್ರಯಾಣಕ್ಕೆ ಹಣ ಒದಗಿಸುವುದು. ಅತಿಥಿಗಳನ್ನು ಕರೆಯುವ ಮಾತು ಏಳೂ ಮನೆಯವರು ಬಂದು ಸೇರಿದ ಮೇಲಾಗಲಿ.